ಬಿಡುಗಡೆಯ ದಿನವೇ ಪೂರ್ಣ ಬೆಲೆ ಕೊಟ್ಟು ಗೇಮ್ ಕೊಳ್ಳುವವರು ಇನ್ನೂ ಇದ್ದೀರಾ?

ರಾತ್ರಿಪಾಳಿ

ಕಳೆದ ವಾರ ನನ್ನ ತಮ್ಮ ಫೋನಿನಲ್ಲಿ ಹೇಳಿದ: "ಅಕ್ಕ, ಪೂರ್ಣ ಬೆಲೆ ಕೊಟ್ಟು ಗೇಮ್ ಕೊಳ್ಳುವವರು ಈಗ ಯಾರೂ ಇಲ್ಲ. ಉಳಿದಿರುವವಳು ನೀನೊಬ್ಬಳೇ." ಅವನು ಹೇಳಿ ಮರೆತ. ನನಗೆ ಮರೆಯಲಾಗಲಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಾನು ಪ್ರಯೋಗಾಲಯವೊಂದರಲ್ಲಿ ರಾತ್ರಿ ಪಾಳಿಯ ಕೆಲಸ ಮಾಡುವವಳು. ಪ್ರತಿಯೊಂದನ್ನೂ ಬರೆದಿಡುವುದು ಕೆಲಸದಿಂದ ಅಂಟಿದ ಅಭ್ಯಾಸ. 2020ರ ನವೆಂಬರ್‌ನಿಂದ ಈಚೆಗೆ ಕೊಂಡ ಒಂದೊಂದು ಆಟಕ್ಕೂ ನನ್ನ ನೋಟ್‌ಬುಕ್ಕಿನಲ್ಲಿ ಒಂದು ಸಾಲಿದೆ. ಕೊಂಡ ದಿನ, ಪೂರ್ಣ ಬೆಲೆಯಲ್ಲಿ ಎಷ್ಟು ಪಾಲು ಕೊಟ್ಟೆ, ಎಷ್ಟು ಗಂಟೆ ಆಡಿದೆ, ಮುಗಿಸಿದೆನೋ ಇಲ್ಲವೋ. ತಮ್ಮನ ಮಾತು ಕೇಳಿದ ರಾತ್ರಿಯೇ ಆ ಪುಸ್ತಕ ತೆಗೆದು ಕೂಡಿಸಿದೆ.

ಒಟ್ಟು 63 ಆಟ. ಪೂರ್ಣ ಬೆಲೆಗೆ ಕೊಂಡದ್ದು 11, ರಿಯಾಯಿತಿಯಲ್ಲಿ ಕೊಂಡದ್ದು 52. ಪೂರ್ಣ ಬೆಲೆಯ 11ರಲ್ಲಿ 7 ಮುಗಿಸಿದ್ದೇನೆ. ರಿಯಾಯಿತಿಯ 52ರಲ್ಲಿ ಮುಗಿಸಿದ್ದು 13, ಅರ್ಧಕ್ಕೆ ಬಿಟ್ಟದ್ದು 18, ಒಂದು ಸಲವೂ ತೆರೆಯದೇ ಇರುವುದು 21. ಆ 21 ಆಟಗಳಿಗೆ ಕೊಟ್ಟ ಹಣವನ್ನು ಒಟ್ಟು ಮಾಡಿದರೆ ಹೊಸ ಆಟಗಳನ್ನೇ ಐದು ಕೊಳ್ಳಬಹುದಿತ್ತು. ಅಗ್ಗವಾಗಿ ಸಿಕ್ಕಿತೆಂದು ಕೊಂಡದ್ದು ಹೀಗೆ ರಾಶಿ ಬಿದ್ದಿದೆ ಎಂದು ನನಗೆ ಅಂದಾಜೇ ಇರಲಿಲ್ಲ.

ತಮ್ಮನ ವಾದವನ್ನೂ ಹೇಳಬೇಕು, ಅದರಲ್ಲಿ ಹುರುಳಿದೆ. ದೊಡ್ಡ ಆಟಗಳ ಬೆಲೆ ಸುಮಾರು ಹದಿನೈದು ವರ್ಷ 60 ಡಾಲರ್‌ನಲ್ಲೇ ನಿಂತಿತ್ತು. 2020ರಲ್ಲಿ ಹೊಸ ಕನ್ಸೋಲ್‌ಗಳ ಜೊತೆಗೆ 70 ಆಯಿತು. 2025ರ ಜೂನ್‌ನಲ್ಲಿ ಮಾರಿಯೊ ಕಾರ್ಟ್ ವರ್ಲ್ಡ್ 80 ಡಾಲರ್‌ಗೆ ಬಂತು. ಅದೇ ವರ್ಷ ದಿ ಔಟರ್ ವರ್ಲ್ಡ್ಸ್ 2 ಆಟಕ್ಕೂ 80 ಎಂದು ಹೇಳಿ, ಜುಲೈನಲ್ಲಿ 70ಕ್ಕೆ ಇಳಿಸಿದರು. ತಮ್ಮ ಇದನ್ನೆಲ್ಲ ಬೆರಳೆಣಿಸಿ ಹೇಳುತ್ತಾನೆ. ಅವನ ದೊಡ್ಡ ಅಸ್ತ್ರ ಸೈಬರ್‌ಪಂಕ್ 2077. 2020ರ ಡಿಸೆಂಬರ್ 10ರಂದು ಬಂದ ಆ ಆಟವನ್ನು, ದೋಷಗಳು ತುಂಬಿದ್ದರಿಂದ, ಒಂದು ವಾರದಲ್ಲೇ ಪ್ಲೇಸ್ಟೇಷನ್ ಸ್ಟೋರ್‌ನಿಂದ ತೆಗೆದರು, ಅದು ಮರಳಿ ಬಂದದ್ದು 2021ರ ಜೂನ್‌ನಲ್ಲಿ. 2023ರ ಸೆಪ್ಟೆಂಬರ್‌ನಲ್ಲಿ 2.0 ಅಪ್‌ಡೇಟ್ ಬಂದ ಮೇಲೆ ಅರ್ಧಕ್ಕಿಂತ ಕಡಿಮೆ ಹಣಕ್ಕೆ ಕೊಂಡವನು ತಮ್ಮ. ಮೊದಲ ದಿನ ಕೊಂಡವರು ಹೆಚ್ಚು ಕೊಟ್ಟು ಹಾಳಾದದ್ದನ್ನು ಪಡೆದರು, ನಾನು ಕಡಿಮೆ ಕೊಟ್ಟು ಒಳ್ಳೆಯದನ್ನು ಪಡೆದೆ, ಇದರಲ್ಲಿ ಬುದ್ಧಿವಂತರು ಯಾರು ಎಂದು ಕೇಳುತ್ತಾನೆ. ಉತ್ತರ ಕೊಡಲು ನನ್ನಿಂದ ಆಗುವುದಿಲ್ಲ. ನಾನು ಪೂರ್ಣ ಬೆಲೆ ಕೊಟ್ಟು ಅರ್ಧಕ್ಕೆ ಬಿಟ್ಟ ನಾಲ್ಕರಲ್ಲಿ ಒಂದು, ಅರ್ಧ ಗಂಟೆಗೊಮ್ಮೆ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಒಂಬತ್ತನೇ ಗಂಟೆಗೆ ಸೇವ್ ಫೈಲ್ ಹಾಳಾಯಿತು. ಎರಡು ಗಂಟೆ ಮೀರಿ ಆಡಿದ್ದರಿಂದ ರಿಫಂಡ್ ಕೇಳುವ ದಾರಿಯೂ ಮುಚ್ಚಿತ್ತು. ಆ ಸಾಲಿನ ಪಕ್ಕದಲ್ಲಿ ನಾನು ಏನೂ ಬರೆದಿಲ್ಲ, ಪೆನ್ನಿನಿಂದ ಗಟ್ಟಿಯಾಗಿ ಒಂದು ಗೆರೆ ಎಳೆದಿದ್ದೇನೆ.

ಆದರೂ ಆ ಏಳು ಆಟಗಳ ವಿಷಯ ಬೇರೆ. ಎಲ್ಡನ್ ರಿಂಗ್ ಅನ್ನೇ ಹೇಳುತ್ತೇನೆ. 2022ರ ಫೆಬ್ರುವರಿ 25, ತಮ್ಮ ಅವನ ಊರಿನಲ್ಲಿ, ನಾನು ನನ್ನ ಊರಿನಲ್ಲಿ, ಇಬ್ಬರೂ ಅದೇ ದಿನ ಕೊಂಡೆವು. ಆ ಮೊದಲ ವಾರಗಳಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕಿ ಮಾತನಾಡಿದ ಪಾತ್ರ ಮುಂದೆ ಎಲ್ಲಿಗೆ ಹೋಯಿತು ಎಂಬುದನ್ನು ನಕ್ಷೆ ತೋರಿಸುತ್ತಿರಲಿಲ್ಲ. ನಾನು ನೋಟ್‌ಬುಕ್ಕಿನ ಹಿಂಬದಿಯಲ್ಲಿ ನಾನೇ ನಕ್ಷೆ ಬರೆದುಕೊಂಡಿದ್ದೆ, ಅದನ್ನು ಫೋಟೊ ತೆಗೆದು ತಮ್ಮನಿಗೆ ಕಳುಹಿಸುತ್ತಿದ್ದೆ. ಬೆಳಿಗ್ಗೆ ಆರಕ್ಕೆ ಪಾಳಿ ಮುಗಿದಾಗ ಅವನ ಸಂದೇಶ ಕಾದಿರುತ್ತಿತ್ತು: "ಕಾಡಿನೊಳಗಿನ ಬಾವಿಯಂಥ ಕಟ್ಟಡದಲ್ಲಿ ಲಿಫ್ಟ್ ಇದೆ, ಇಳಿದು ನೋಡು, ನನ್ನನ್ನು ಏನೂ ಕೇಳಬೇಡ." ಇಳಿದೆ. ಆ ಲಿಫ್ಟ್ ಇಳಿಯುತ್ತಲೇ ಹೋಯಿತು. ಕೆಳಗೆ ಬಾಗಿಲು ತೆರೆದಾಗ ನೆಲದೊಳಗೆ ನಕ್ಷತ್ರಗಳ ಆಕಾಶ. ಆ ಬೆಳಿಗ್ಗೆ ನಾನು ಮಲಗಲಿಲ್ಲ.

ಮಾರ್ಚ್‌ನಲ್ಲಿ ಬಂದ ಪ್ಯಾಚ್ (ಆಟವನ್ನು ತಿದ್ದುವ ಅಪ್‌ಡೇಟ್) ಪಾತ್ರಗಳ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ ಕೊಟ್ಟಿತು. ನಾವಿಬ್ಬರೂ ಮೂರು ರಾತ್ರಿ ಸೋತಿದ್ದ ರಡಾನ್ ಎಂಬ ಎದುರಾಳಿಯ ಬಲವನ್ನೂ ತಗ್ಗಿಸಿತು. ಆಮೇಲೆ ಬಂದವರಿಗೆ ಅನುಕೂಲವಾಯಿತು, ಅದರಲ್ಲಿ ತಪ್ಪೇನಿಲ್ಲ. ಆದರೆ ನಾವು ಆಡಿದ ಆ ಮೂರು ವಾರದ ಆಟ ಯಾವ ಸೇಲ್‌ನಲ್ಲೂ ಸಿಗುವುದಿಲ್ಲ.

ಈಗ ತಮ್ಮ ಕಾಯುತ್ತಾನೆ. 2025ರ ಏಪ್ರಿಲ್‌ನಲ್ಲಿ ಕ್ಲೇರ್ ಆಬ್ಸ್‌ಕ್ಯೂರ್: ಎಕ್ಸ್‌ಪೆಡಿಶನ್ 33 ಬಂದಾಗ ನಾನು ಮೊದಲ ದಿನವೇ ಕೊಂಡೆ, ಬೆಲೆಯೂ 50 ಡಾಲರ್ ಮಾತ್ರ ಇತ್ತು. ಜೂನ್ ಹೊತ್ತಿಗೆ ಮುಗಿಸಿದೆ. ಹೇಳಿಕೊಳ್ಳಲು ಎದೆ ತುಂಬ ಮಾತಿತ್ತು, ಹೇಳಿದರೆ ಅವನಿಗೆ ಕಥೆ ಕೆಡುತ್ತದೆಂದು ಬಾಯಿ ಬಿಗಿಹಿಡಿದೆ. ಅವನು ಕೊಂಡದ್ದು ವರ್ಷಾಂತ್ಯದ ಸೇಲ್‌ನಲ್ಲಿ. ಒಂದು ರಾತ್ರಿ ಕರೆ ಮಾಡಿ ಒಬ್ಬಳ ಹೆಸರು ಹೇಳಿ ಸುಮ್ಮನಾದ. ಗಂಟಲು ಕಟ್ಟಿತ್ತು ಅವನಿಗೆ. ಅದು ಯಾರ ಹೆಸರೆಂದು ನನಗೆ ತಕ್ಷಣ ನೆನಪಾಗಲೇ ಇಲ್ಲ.

ನೀವು ಇನ್ನೂ ಪೂರ್ಣ ಬೆಲೆ ಕೊಡುತ್ತೀರಾ? ಕೊಟ್ಟರೆ ಯಾವ ಆಟಕ್ಕೆ, ಏನು ಸಿಗುತ್ತದೆಂದು? ಬೆಲೆ ಹೆಚ್ಚೋ ಕಡಿಮೆಯೋ ಎಂಬ ಜಗಳ ನನಗೆ ಬೇಡ. ನಿಮ್ಮ ನಿಮ್ಮ ಲೆಕ್ಕ ಬೇಕು.

ಡಿಸ್ಕ್‌ಪೆಟ್ಟಿಗೆ

ಕೊಡುತ್ತೇನೆ, ಡಿಸ್ಕ್ ಆದರೆ ಮಾತ್ರ.

ನನ್ನ ಲೆಕ್ಕ ಸರಳ. ಹೊಸ ಡಿಸ್ಕ್ ಕೊಂಡು ಐದಾರು ವಾರದಲ್ಲಿ ಮುಗಿಸಿ ಮಾರುತ್ತೇನೆ. ಆಟ ಇನ್ನೂ ಹೊಸದಾಗಿರುವಾಗ ಮಾರಿದರೆ ಕೊಟ್ಟದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಕೈಗೆ ಬರುತ್ತದೆ. ಅಂದರೆ ಬಿಡುಗಡೆಯ ದಿನವೇ ಆಡಿದ ನನಗೂ, ವರ್ಷ ಕಾದು ಅರ್ಧ ಬೆಲೆಗೆ ಡೌನ್‌ಲೋಡ್ ಮಾಡಿಕೊಂಡ ನಿಮ್ಮ ತಮ್ಮನಿಗೂ ಖರ್ಚು ಹೆಚ್ಚುಕಡಿಮೆ ಒಂದೇ. ಅವರಿಗೆ ಆಟ ಉಳಿಯಿತು, ನನಗೆ ಉಳಿಯಲಿಲ್ಲ ಎಂದು ನೀವು ಹೇಳಬಹುದು. ಅವರಿಗೂ ಉಳಿದಿದೆ ಎನ್ನುವುದು ನನಗೆ ಅಷ್ಟು ಖಚಿತವಿಲ್ಲ.

2014ರಲ್ಲಿ ಬಂದ ದಿ ಕ್ರೂ ಎಂಬ ಕಾರ್ ಓಟದ ಆಟದ ಸರ್ವರ್‌ಗಳನ್ನು 2024ರ ಮಾರ್ಚ್ 31ರಂದು ನಿಲ್ಲಿಸಿದರು. ಒಬ್ಬರೇ ಕೂತು ಆಡುವ ಭಾಗವೂ ಸರ್ವರ್ ಇಲ್ಲದೆ ನಡೆಯುತ್ತಿರಲಿಲ್ಲ, ಹಾಗಾಗಿ ಹಣ ಕೊಟ್ಟ ಎಲ್ಲರಿಗೂ ಆಟ ಒಟ್ಟಿಗೇ ಹೋಯಿತು. ಅಲ್ಲಿ ಡಿಸ್ಕ್ ಇದ್ದವರಿಗೂ ಉಪಯೋಗವಾಗಲಿಲ್ಲ, ಅದನ್ನು ಒಪ್ಪುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಜಾರಿಗೆ ಬಂದ ಕಾನೂನು ಹೇಳುವುದೂ ಇದನ್ನೇ: ಡಿಜಿಟಲ್ ವಸ್ತುವನ್ನು ಮಾರುವಾಗ "ಕೊಳ್ಳಿ" ಎಂದು ಬರೆಯಬೇಕಾದರೆ, ಗಿರಾಕಿಗೆ ಸಿಗುವುದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸಬೇಕು. ಪರವಾನಗಿಗೆ ನಾನು ವಸ್ತುವಿನ ಬೆಲೆ ಕೊಡುವುದಿಲ್ಲ.

ನನಗೆ ಈಗ ಇರುವ ಭಯ ಡಿಸ್ಕೇ ಮಾಯವಾಗುವುದು. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಕನ್ಸೋಲ್‌ನಲ್ಲಿ ಸೆಕೆಂಡ್‌ಹ್ಯಾಂಡ್ ಡಿಸ್ಕ್‌ಗಳ ಮೇಲೆ ನಿರ್ಬಂಧ ಹಾಕಲು ಹೊರಟಾಗ ಆಟಗಾರರು ಎದ್ದು ನಿಂತರು, ಜೂನ್ ತಿಂಗಳಲ್ಲೇ ಮೈಕ್ರೋಸಾಫ್ಟ್ ಹಿಂದೆ ಸರಿಯಿತು. ಅಂದು ಜೋರಾಗಿ ತಡೆದದ್ದನ್ನು ಇಂದು ಸದ್ದಿಲ್ಲದೆ ತರುತ್ತಿದ್ದಾರೆ. 2024ರ ಪ್ಲೇಸ್ಟೇಷನ್ 5 ಪ್ರೊ ಕನ್ಸೋಲ್ ಡಿಸ್ಕ್ ಡ್ರೈವ್ ಇಲ್ಲದೆ ಬಂತು, ಬೇಕಾದವರು ಬೇರೆಯಾಗಿ ಕೊಂಡು ಜೋಡಿಸಿಕೊಳ್ಳಬೇಕು. ನಿಂಟೆಂಡೊದ ಸ್ವಿಚ್ 2 ಕನ್ಸೋಲ್‌ನ ಗೇಮ್-ಕೀ ಕಾರ್ಡ್‌ಗಳಲ್ಲಿ ಆಟವೇ ಇರುವುದಿಲ್ಲ, ಕಾರ್ಡ್ ಸಿಕ್ಕಿಸಿ ಆಟವನ್ನು ಡೌನ್‌ಲೋಡ್ ಮಾಡಿಕೊಳ್ಳಬೇಕು. ಅದನ್ನು ಇನ್ನೊಬ್ಬರಿಗೆ ಕೊಡಬಹುದು ಎಂಬಷ್ಟೇ ಸಮಾಧಾನ.

ನನ್ನ ಮೊದಲ ಡಿಸ್ಕನ್ನು ಮಾರಿಲ್ಲ. ಮುಖದ ಮೇಲೆ ಗೀರು ಬಿದ್ದಿದೆ, ಮೂರನೇ ಹಂತ ಲೋಡ್ ಆಗುವುದಿಲ್ಲ. ಅಪ್ಪ ಕೊಡಿಸಿದ್ದು.

ಪುಟ್ಟಸ್ಟುಡಿಯೊ

ನಾನು ಆಟ ಮಾಡುವ ಕಡೆಯವಳು. ನಾವು ನಾಲ್ವರು, ಮೂರೂವರೆ ವರ್ಷ ಕೂತು ಒಂದು ಒಗಟಿನ ಆಟ ಮಾಡಿದೆವು. ಹೆಸರು ಹೇಳುವುದಿಲ್ಲ, ಜಾಹೀರಾತು ಎಂದು ಯಾರಿಗೂ ಅನ್ನಿಸಬಾರದು.

ಪೂರ್ಣ ಬೆಲೆಯನ್ನು 100 ಎಂದು ಇಟ್ಟುಕೊಳ್ಳಿ. ಆಟ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ 30 ತೆಗೆದುಕೊಳ್ಳುತ್ತದೆ, ತೆರಿಗೆ ಬದಿಗಿಟ್ಟರೆ ನಮಗೆ 70. ಮುಕ್ಕಾಲು ರಿಯಾಯಿತಿಯಲ್ಲಿ ನೀವು ಕೊಡುವುದು 25, ನಮಗೆ ಬರುವುದು 17.5. ಮೊದಲ ದಿನ ಕೊಂಡ ಒಬ್ಬರಿಗೆ ಸೇಲ್‌ನಲ್ಲಿ ಕೊಂಡ ನಾಲ್ವರು ಸಮ. ದೊಡ್ಡವರಿಗೆ ಈ ಲೆಕ್ಕವೂ ಹಗುರ: 2018ರಿಂದ, ಒಂದು ಆಟದ ಗಳಿಕೆ 1 ಕೋಟಿ ಡಾಲರ್ ದಾಟಿದರೆ ಸ್ಟೀಮ್‌ನ ಪಾಲು 25ಕ್ಕೆ, 5 ಕೋಟಿ ದಾಟಿದರೆ 20ಕ್ಕೆ ಇಳಿಯುತ್ತದೆ. ನಮ್ಮಂಥವರು ಆ ಮೆಟ್ಟಿಲಿನ ಹತ್ತಿರವೂ ಸುಳಿಯುವುದಿಲ್ಲ.

ಹಣಕ್ಕಿಂತ ಹೆಚ್ಚಾಗಿ ಮೊದಲ ವಾರದಲ್ಲಿ ಕೊಂಡವರು ನಮಗೆ ಕೊಟ್ಟದ್ದು ಮಾತು. ಅವರು ಬರೆದ ವಿಮರ್ಶೆ ನೋಡಿ ಉಳಿದವರು ಬಂದರು. ಅವರು ಹೇಳಿದ ತಪ್ಪುಗಳನ್ನು ತಿದ್ದಿದೆವು. ಬಣ್ಣಗಳ ವ್ಯತ್ಯಾಸ ಕಾಣದ ಒಬ್ಬರು ನಮ್ಮ ಏಳನೆಯ ಒಗಟನ್ನು ತಮ್ಮಿಂದ ಬಿಡಿಸಲು ಸಾಧ್ಯವೇ ಇಲ್ಲ ಎಂದು ಬಿಡುಗಡೆಯ ಎರಡನೆಯ ದಿನ ಬರೆದರು. ಮೂರೂವರೆ ವರ್ಷ ನಮ್ಮ ನಾಲ್ವರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಬಣ್ಣದ ಜೊತೆಗೆ ಆಕಾರಗಳನ್ನೂ ಸೇರಿಸಿದೆವು. ಆಮೇಲೆ ಅಗ್ಗಕ್ಕೆ ಕೊಂಡು ಆಡಿದವರೆಲ್ಲ ಆಡಿದ್ದು ಅವರು ತಿದ್ದಿಸಿದ ಆಟವನ್ನು.

ನಾವು ಮಾಡಿದ ತಪ್ಪನ್ನೂ ಹೇಳುತ್ತೇನೆ. ಮೂರನೆಯ ತಿಂಗಳು ಮಾರಾಟ ನಿಂತೇಹೋಯಿತು, ಬಾಡಿಗೆ ಕಟ್ಟಬೇಕಿತ್ತು, ಹೆದರಿ 40 ಶೇಕಡಾ ಇಳಿಸಿದೆವು. ವಿಶ್‌ಲಿಸ್ಟ್‌ನಲ್ಲಿ ಇಟ್ಟುಕೊಂಡವರಿಗೆಲ್ಲ ಮಿಂಚಂಚೆ ಹೋಯಿತು, ಎರಡು ದಿನ ಮಾರಾಟ ಏರಿತು. ಅದೇ ಎರಡು ದಿನಗಳಲ್ಲಿ ಮೊದಲ ವಾರದ ಗಿರಾಕಿಯೊಬ್ಬರಿಂದ ಪತ್ರ ಬಂತು. ಬೈದಿರಲಿಲ್ಲ. "ಮುಂದಿನ ಆಟಕ್ಕೆ ನಾನೂ ಮೂರು ತಿಂಗಳು ಕಾಯುತ್ತೇನೆ" ಎಂದಷ್ಟೇ ಇತ್ತು. ಕಾಯುವುದನ್ನು ಆಟಗಾರರು ತಾವಾಗಿ ಕಲಿತದ್ದಲ್ಲ, ನಾವು ಕಲಿಸಿದೆವು ಎಂದು ಆ ದಿನ ನನಗೆ ಅರ್ಥವಾಯಿತು.

ಫ್ಯಾಕ್ಟೋರಿಯೊ ಮಾಡಿದವರನ್ನು ನಾನು ಗೌರವಿಸುವುದು ಇದಕ್ಕೇ. ಆ ಆಟಕ್ಕೆ ಇದುವರೆಗೆ ಒಂದು ರಿಯಾಯಿತಿಯೂ ಇಲ್ಲ. 2023ರ ಜನವರಿಯಲ್ಲಿ ಬೆಲೆಯನ್ನು 30ರಿಂದ 35 ಡಾಲರ್‌ಗೆ ಏರಿಸಿದರು, ಅದೂ ಮೊದಲೇ ತಿಳಿಸಿ. ಅದನ್ನು ಯಾರು ಯಾವ ದಿನ ಕೊಂಡರೂ "ನಾಳೆ ಇಳಿದರೆ?" ಎಂದು ಹೊಟ್ಟೆ ಉರಿದುಕೊಳ್ಳಬೇಕಿಲ್ಲ. ಅಷ್ಟು ಧೈರ್ಯ ನಮಗೆ ಬರುತ್ತದೆಯೋ ಇಲ್ಲವೋ, ಎರಡನೆಯ ಆಟಕ್ಕೆ ಮೊದಲ ವರ್ಷ ಬೆಲೆ ಇಳಿಸುವುದಿಲ್ಲವೆಂದು ಮಾತ್ರ ನಾಲ್ವರೂ ಒಪ್ಪಿದ್ದೇವೆ. ಬೇಕಾದರೆ ಮೊದಲೇ ಸ್ವಲ್ಪ ಕಡಿಮೆ ಬೆಲೆ ಇಟ್ಟು ಅಲ್ಲೇ ನಿಲ್ಲುತ್ತೇವೆ.

ಸೇಲ್‌ನಲ್ಲಿ ಕೊಳ್ಳುವವರ ಮೇಲೆ ನನಗೆ ಸಿಟ್ಟಿಲ್ಲ. ಕೈಯಲ್ಲಿ ಇರುವುದೇ ಅಷ್ಟು ಎಂದರೆ ಅಷ್ಟೇ ಕೊಡಿ, ಸಂತೋಷ. ಕೀ (ಆಟವನ್ನು ಪಡೆಯಲು ಬೇಕಾದ ಕೋಡ್) ಮಾರುವ ಸಂದೇಹಾಸ್ಪದ ಜಾಲತಾಣಗಳಿಂದ ಮಾತ್ರ ಕೊಳ್ಳಬೇಡಿ. ಕದ್ದ ಕಾರ್ಡ್‌ನಿಂದ ಕೊಂಡ ಕೀ ಆಗಿದ್ದರೆ ಬ್ಯಾಂಕು ಆ ಹಣವನ್ನು ನಮ್ಮಿಂದಲೇ ಹಿಂದಕ್ಕೆ ಪಡೆಯುತ್ತದೆ, ದಂಡವನ್ನೂ ಸೇರಿಸಿ.

ಒಂದುಗಂಟೆ

ನನ್ನದು ಬೇರೆ ಕಥೆ. ಮಗಳಿಗೆ ಎರಡು ವರ್ಷ. ಅವಳು ಮಲಗಿದ ಮೇಲೆ ನನಗೆ ಸಿಗುವುದು ಒಂದು ಗಂಟೆ, ಅದೂ ವಾರದಲ್ಲಿ ನಾಲ್ಕು ದಿನ. ಎಂಬತ್ತು ಗಂಟೆಯ ಆಟ ಮುಗಿಸಲು ನನಗೆ ಐದು ತಿಂಗಳು ಬೇಕು. ಮೊದಲ ದಿನ ಕೊಂಡರೂ ನಾನು ಕೊನೆ ತಲುಪುವಷ್ಟರಲ್ಲಿ ಆ ಆಟ ಅರ್ಧ ಬೆಲೆಗೆ ಬಂದಿರುತ್ತದೆ.

ಚಂದಾ ಕಟ್ಟಿದರೆ ಸಾಕೆಂದು ಕೆಲವು ವರ್ಷ ಅಂದುಕೊಂಡಿದ್ದೆ. ಹೊಸ ಆಟ ಬಂದ ದಿನವೇ ಚಂದಾದಲ್ಲಿ ಸಿಗುವುದು ದೊಡ್ಡ ಸೌಲಭ್ಯವೇ. ನೀವು ಹೇಳಿದ ಎಕ್ಸ್‌ಪೆಡಿಶನ್ 33 ಕೂಡ ಮೊದಲ ದಿನವೇ ಗೇಮ್ ಪಾಸ್ ಎಂಬ ಚಂದಾ ಸೇವೆಯಲ್ಲಿತ್ತು. ಆದರೆ ನನ್ನಂತೆ ನಿಧಾನವಾಗಿ ಆಡುವವನಿಗೆ ತಿಂಗಳ ಲೆಕ್ಕ ನಷ್ಟದ್ದು. ಐದು ತಿಂಗಳು ಒಂದೇ ಆಟ ಆಡುತ್ತಾ ಐದು ತಿಂಗಳ ಚಂದಾ ಕಟ್ಟುತ್ತೇನೆ. ಗೇಮ್ ಪಾಸ್ ಅಲ್ಟಿಮೇಟ್ 2025ರ ಅಕ್ಟೋಬರ್‌ನಲ್ಲಿ ತಿಂಗಳಿಗೆ 30 ಡಾಲರ್‌ಗೆ ಏರಿತು, ಆ ದರದಲ್ಲಿ ಐದು ತಿಂಗಳೆಂದರೆ ಎರಡು ಹೊಸ ಆಟಗಳ ಬೆಲೆ. ನಾನು ಕಟ್ಟುತ್ತಿದ್ದ ಚಂದಾದಲ್ಲಿ (ಯಾವುದೆಂದು ಬೇಡ) ಮೂವತ್ತೆರಡು ಗಂಟೆ ಆಡಿದ್ದ ಆಟವೊಂದು ತಿಂಗಳ ಕೊನೆಗೆ ಪಟ್ಟಿಯಿಂದ ಹೊರಟಿತು. ಕೊನೆಯ ವಾರ ಮಗಳಿಗೆ ಜ್ವರ. ಕಥೆಯಲ್ಲಿ ಅಣ್ಣ ತಂಗಿ ಊರು ಬಿಟ್ಟು ಹೊರಟು ಸೇತುವೆಯ ಮೇಲೆ ನಿಂತಿದ್ದರು. ಅವರು ಅಲ್ಲಿಯೇ ನಿಂತಿದ್ದಾರೆ.

ಈಗ ವರ್ಷಕ್ಕೆ ಎರಡೇ ಆಟ ಕೊಳ್ಳುತ್ತೇನೆ, ಬಂದು ಒಂದು ವರ್ಷವಾದ ಮೇಲೆ. ಕಾಯುವುದರಲ್ಲಿ ನನಗೆ ಬೇಸರವಿಲ್ಲ. ಒಳ್ಳೆಯದು ವರ್ಷ ಕಳೆದರೂ ಒಳ್ಳೆಯದಾಗಿಯೇ ಉಳಿದಿರುತ್ತದೆ, ಕೇವಲ ಗದ್ದಲ ಮಾಡಿದ್ದು ಅಷ್ಟರಲ್ಲಿ ಅಡಗಿರುತ್ತದೆ. ನೋ ಮ್ಯಾನ್ಸ್ ಸ್ಕೈ 2016ರಲ್ಲಿ ಬಂದಾಗ ಎಷ್ಟು ಬೈಗುಳ ತಿಂದಿತು! ಅದೇ ತಂಡ ವರ್ಷಗಟ್ಟಲೆ ಉಚಿತವಾಗಿ ಅಪ್‌ಡೇಟ್ ಕೊಡುತ್ತಾ ಬಂತು. ನಾನು ತಡವಾಗಿ ಹೋದೆ, ನನಗೆ ಸಿಕ್ಕಿದ್ದು ಬೇರೆಯೇ ಆಟ.

ಒಂದು ಮಾತು, ರಾತ್ರಿಪಾಳಿ ಅವರೇ. ನಿಮ್ಮ ತಮ್ಮ ಬರೀ ಹಣ ಉಳಿಸಲು ಕಾಯುತ್ತಿದ್ದಾರೆಯೇ? ನನ್ನ ಗೆಳೆಯರು ಮೊದಲ ದಿನ ಕೊಳ್ಳಲು ಕರೆದಾಗ ನಾನೂ "ಸೇಲ್ ಬರಲಿ" ಎನ್ನುತ್ತೇನೆ. ಸಮಯ ಇಲ್ಲ ಎಂದು ಹೇಳುವುದಕ್ಕಿಂತ ಅದು ಸುಲಭ.

ನಾಲ್ಕನೆಯವನು

ಒಟ್ಟಿಗೆ ಆಡುವ ಆಟಗಳಿಗೆ ಕಾಯುವ ಪ್ರಶ್ನೆಯೇ ಬರುವುದಿಲ್ಲ. 2024ರ ಫೆಬ್ರುವರಿಯಲ್ಲಿ ಹೆಲ್‌ಡೈವರ್ಸ್ 2 ಬಂದಾಗ ನಾವು ನಾಲ್ವರು ಸ್ನೇಹಿತರು ಒಂದೇ ಸಂಜೆ 40 ಡಾಲರ್ ಕೊಟ್ಟು ಕೊಂಡೆವು. ಮೊದಲ ದಿನಗಳಲ್ಲಿ ಸರ್ವರ್‌ಗಳು ಜನರನ್ನು ತಾಳಲಾರದೆ ಒಳಗೇ ಬಿಡುತ್ತಿರಲಿಲ್ಲ, ನಾಲ್ವರೂ ಹೊರಗೆ ಕಾಯುತ್ತಾ ಹರಟೆ ಹೊಡೆದೆವು. ಕಾಲೇಜು ಬಿಟ್ಟ ಮೇಲೆ ಅಷ್ಟು ಹೊತ್ತು ನಾವು ಮಾತನಾಡಿದ್ದೇ ಇರಲಿಲ್ಲ. ಒಂದು ವರ್ಷ ಕಾದಿದ್ದರೆ ಆಟ ಅಗ್ಗವಾಗುತ್ತಿತ್ತು, ಉಳಿದ ಮೂವರು ಅಲ್ಲಿ ಇರುತ್ತಿರಲಿಲ್ಲ.

ಇದಕ್ಕೆ ಅಪಾಯವೂ ಇದೆ. ಕಾನ್ಕಾರ್ಡ್ ಕೂಡ 40 ಡಾಲರ್‌ನದ್ದೇ. 2024ರ ಆಗಸ್ಟ್ 23ರಂದು ಬಂತು, ಆಡುವವರಿಲ್ಲದೆ ಸೆಪ್ಟೆಂಬರ್ 6ರಂದು ಮುಚ್ಚಿತು. ಎಲ್ಲರಿಗೂ ಹಣ ಹಿಂದಿರುಗಿಸಿದರು, ಆ ಮಟ್ಟಿಗೆ ಒಳ್ಳೆಯದು.

ದುಬಾರಿ ಆವೃತ್ತಿ ಕೊಂಡರೆ ಕೆಲವು ದಿನ ಮೊದಲೇ ಆಡಬಹುದು ಎನ್ನುತ್ತಾರಲ್ಲ, ಅದನ್ನು ಮಾತ್ರ ನಾನು ಸಹಿಸುವುದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಸ್ಟಾರ್‌ಫೀಲ್ಡ್‌ಗೆ ಐದು ದಿನ ಮುಂಚೆ ಪ್ರವೇಶ ಎಂದು ಮಾರಿದರು. ಹಾಗಾದರೆ ಪೂರ್ಣ ಬೆಲೆ ಕೊಟ್ಟವನು ಕೂಡ ಐದು ದಿನ ತಡವಾಗಿ ಬಂದವನೇ ಆದ.

ರಾತ್ರಿಪಾಳಿ

ಎಲ್ಲರಿಗೂ ವಂದನೆ. ನಿನ್ನೆ ರಜೆ ಇತ್ತು, ಒಂದೊಂದನ್ನೂ ಎರಡು ಸಲ ಓದಿದೆ.

ಪುಟ್ಟಸ್ಟುಡಿಯೊ ಅವರೇ, ನನ್ನ ಏಳರಲ್ಲಿ ಸಿಲ್ಕ್‌ಸಾಂಗ್ ಕೂಡ ಒಂದು. 2025ರ ಸೆಪ್ಟೆಂಬರ್ 4ರಂದು ಅದು ಬಂದ ಕ್ಷಣದಲ್ಲಿ ಸ್ಟೀಮ್ ಸೇರಿದಂತೆ ಅಂಗಡಿಗಳೇ ಕುಸಿದು ಬಿದ್ದವು. ಅದರ ಪೂರ್ಣ ಬೆಲೆ 20 ಡಾಲರ್. ಆರೂವರೆ ವರ್ಷ ಕಾಯಿಸಿದ ಪುಟ್ಟ ತಂಡ ಅಷ್ಟೇ ಕೇಳಿತು, ಜನ ಸೇಲ್‌ಗೆ ಕಾಯದೆ ನುಗ್ಗಿದರು. ನೀವು ಹೇಳಿದ ದಾರಿ ಅದೇ ಎಂದು ನನಗೆ ತೋರುತ್ತದೆ. ನಿಮ್ಮ ಎರಡನೆಯ ಆಟ ಬಂದಾಗ ಹೆಸರು ಹೇಳಿ, ಮೊದಲ ದಿನವೇ ಕೊಳ್ಳುತ್ತೇನೆ.

ಒಂದುಗಂಟೆ ಅವರ ಪ್ರಶ್ನೆ ನನ್ನನ್ನು ಮಲಗಲು ಬಿಡಲಿಲ್ಲ. ತಮ್ಮನಿಗೆ ಕರೆ ಮಾಡಿ ನೇರವಾಗಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: ಎಲ್ಡನ್ ರಿಂಗ್ ಆದ ಮೇಲೆ ಕೆಲಸ ಬದಲಾಯಿಸಿದ್ದನಲ್ಲ, ಹೊಸ ಕೆಲಸದಲ್ಲಿ ರಾತ್ರಿ ಹತ್ತರವರೆಗೂ ಕೂರಬೇಕು. ನಾನು ವಾರದಲ್ಲಿ ಮುಗಿಸುವುದಕ್ಕೆ ಅವನಿಗೆ ತಿಂಗಳು ಬೇಕು. "ನೀನು ಮುಂದೆ ಹೋಗಿ ನನಗಾಗಿ ಕಾಯುತ್ತಾ ನಿಲ್ಲುವುದು ನನಗೆ ಕಷ್ಟವಾಗುತ್ತಿತ್ತು, ಅಕ್ಕ. ಅದಕ್ಕೇ ಬೆಲೆಯ ಮಾತು ತೆಗೆದೆ." ನನ್ನ ನೋಟ್‌ಬುಕ್ಕಿನಲ್ಲಿ ಗಂಟೆಗಳಿಗೆ ಒಂದು ಅಂಕಣ ಇದೆ, ಆ ಗಂಟೆಗಳಲ್ಲಿ ಅವನು ಎಲ್ಲಿದ್ದ ಎಂಬುದಕ್ಕೆ ಇಲ್ಲ.

ಆಮೇಲೆ ಇಬ್ಬರೂ ನಮ್ಮ ನಮ್ಮ ಲೈಬ್ರರಿ ತೆರೆದು, ಕೊಂಡು ಮುಟ್ಟದೇ ಬಿಟ್ಟ ಆಟಗಳ ಹೆಸರು ಓದಿದೆವು. ನನ್ನ 21ರಲ್ಲಿ, ಅವನ ಲೆಕ್ಕವಿಲ್ಲದ ರಾಶಿಯಲ್ಲಿ, ಎರಡರಲ್ಲೂ ಔಟರ್ ವೈಲ್ಡ್ಸ್ ಇತ್ತು. 2019ರ ಆಟ. ಇಬ್ಬರೂ ಬೇರೆ ಬೇರೆ ವರ್ಷ, ಬೇರೆ ಬೇರೆ ಸೇಲ್‌ನಲ್ಲಿ ಕೊಂಡು ಮರೆತದ್ದು. ಅದರ ಬಗ್ಗೆ ನಮಗೆ ಗೊತ್ತಿರುವುದು ಒಂದೇ: ಮುಂದಕ್ಕೆ ಹೋಗಲು ಬೇಕಾದದ್ದು ಆಯುಧವಲ್ಲ, ತಿಳಿದುಕೊಂಡ ವಿಷಯ, ಆದ್ದರಿಂದ ಮೊದಲ ಸಲ ಆಡುವುದು ಒಂದೇ ಸಲ. ಯಾರೂ ದಯವಿಟ್ಟು ಇಲ್ಲಿ ಏನನ್ನೂ ಹೇಳಬೇಡಿ.

ನನಗೆ ಪಾಳಿ ಇಲ್ಲದ ಭಾನುವಾರ ಮತ್ತು ಬುಧವಾರ, ರಾತ್ರಿ ಹತ್ತೂವರೆಯಿಂದ ಹನ್ನೆರಡು. ಅವನು ಇಲ್ಲದಾಗ ನಾನು ತೆರೆಯುವುದಿಲ್ಲ, ನಾನು ಇಲ್ಲದಾಗ ಅವನು ತೆರೆಯುವುದಿಲ್ಲ. ನಿನ್ನೆ ಶುರು ಮಾಡಿದೆವು, ಫೋನ್ ಸ್ಪೀಕರ್‌ನಲ್ಲಿಟ್ಟು. ನೋಟ್‌ಬುಕ್ಕಿನ ಹಿಂಬದಿಯಲ್ಲಿ ಮತ್ತೆ ನಕ್ಷೆ ಬರೆಯುತ್ತಿದ್ದೇನೆ, ಈ ಸಲ ಗ್ರಹಗಳದ್ದು. ನಾನು ಪಕ್ಕದ ಚಂದ್ರನ ಮೇಲೆ ಇಳಿದು ಬರೆದುಕೊಳ್ಳುತ್ತಿದ್ದಾಗ ಆ ಕಡೆಯಿಂದ ಅವನ ದನಿ ಬಂತು: "ಅಕ್ಕ, ನೌಕೆಯನ್ನು ಅದರ ಪಾಡಿಗೆ ಬಿಟ್ಟೆ, ಅದು ನನ್ನನ್ನು ನೇರವಾಗಿ ಸೂರ್ಯನೊಳಗೆ ತೆಗೆದುಕೊಂಡು ಹೋಗುತ್ತಿದೆ, ನಿಲ್ಲಿಸುವುದು ಹೇಗೆ?"

ನನಗೂ ಗೊತ್ತಿರಲಿಲ್ಲ.